ಗಾಳಿ ಹರಿಯಲಿ, ನೀರು ಇಳಿಯಲಿ: ಮನೆಯ ಸೆಂಟ್ರಲ್ ಎಸಿಯನ್ನು ನೋಡಿಕೊಳ್ಳುವ ಬಗೆ

ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್‌ನ ಉತ್ತರಕ್ಕಿರುವ ಪ್ಲೇನೋ, ಫ್ರಿಸ್ಕೊ, ಅಲೆನ್ ಕಡೆ ಹೊಸದಾಗಿ ಮನೆ ಕೊಂಡ ಕನ್ನಡದ ಕುಟುಂಬಗಳು ನನ್ನನ್ನು ಹೆಚ್ಚಾಗಿ ಕೇಳುವುದು ಎರಡು ವಿಷಯ. ಹಿತ್ತಲಿನ ಕರಿಬೇವು ಚಳಿಗಾಲ ದಾಟುತ್ತದೆಯೇ ಎಂಬುದು ಒಂದು, ಎಸಿಯನ್ನು ಹೇಗೆ ನೋಡಿಕೊಳ್ಳಬೇಕು ಎಂಬುದು ಇನ್ನೊಂದು. ಕರಿಬೇವನ್ನು ಕುಂಡದಲ್ಲಿ ಬೆಳೆಸಿ, ನವೆಂಬರ್ ಬಂದಾಗ ಮನೆಯೊಳಗೆ ತನ್ನಿ. ಎಸಿಯ ಉತ್ತರ ಮಾತ್ರ ಉದ್ದವಾದದ್ದು, ಅದನ್ನು ನಿಂತ ನಿಲುವಿನಲ್ಲಿ ಹೇಳಿ ಮುಗಿಸಲಾಗುವುದಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಇಲ್ಲಿನ ಬೇಸಿಗೆ ಸಾಮಾನ್ಯದ್ದಲ್ಲ. 1980ರ ಜೂನ್ 26 ಮತ್ತು 27ರಂದು ಡಲ್ಲಾಸ್-ಫೋರ್ಟ್‌ವರ್ತ್‌ನಲ್ಲಿ 113 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 45 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. 2011ರಲ್ಲಿ 100 ಡಿಗ್ರಿ ಮುಟ್ಟಿದ ಅಥವಾ ದಾಟಿದ ದಿನಗಳೇ 71. ರಾಯಚೂರು, ಕಲಬುರಗಿಯವರಿಗೆ ಈ ಅಂಕಿ ದೊಡ್ಡದೆನಿಸದಿರಬಹುದು. ಆದರೆ ಅಲ್ಲಿನ ಕಲ್ಲಿನ ಗೋಡೆ, ಗವಾಕ್ಷಿ ಇಲ್ಲಿನ ಬದುಕಿನ ಭಾಗವಲ್ಲ. ಮರದ ಚೌಕಟ್ಟಿಗೆ ಜಿಪ್ಸಂ ಹಲಗೆ ಹೊಡೆದು, ಕಿಟಕಿಗಳನ್ನು ಬಿಗಿಯಾಗಿ ಮುಚ್ಚಿ, ಎಸಿ ಇದ್ದೇ ಇರುತ್ತದೆ ಎಂಬ ಭರವಸೆಯ ಮೇಲೆ ಈ ಮನೆಗಳನ್ನು ಕಟ್ಟಿರುತ್ತಾರೆ. ಆಗಸ್ಟ್‌ನ ಮಧ್ಯಾಹ್ನ ಆ ಯಂತ್ರ ನಿಂತರೆ ಸಂಜೆಯೊಳಗೆ ಮನೆ ಕುಲುಮೆಯಾಗುತ್ತದೆ. ಎಳೆ ಮಗು, ವಯಸ್ಸಾದ ಅಪ್ಪ ಅಮ್ಮ ಇರುವ ಮನೆಯಲ್ಲಿ ಅದು ಆರೋಗ್ಯದ ಪ್ರಶ್ನೆ.

ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವಳು ನಾನು. ಎಸಿ ರಿಪೇರಿ ನನ್ನ ಉದ್ಯೋಗವಲ್ಲ. ಆದರೆ ಮನೆಯಲ್ಲಿ ಓಡುವ ಯಂತ್ರ ಏಕೆ ಓಡುತ್ತಿದೆ, ಏಕೆ ನಿಂತಿತು ಎಂದು ತಿಳಿಯದೆ ಇರುವುದು ನನ್ನಿಂದಾಗದು. ಇಷ್ಟು ವರ್ಷ ನೋಡಿದ ಮೇಲೆ ನನಗೆ ಖಚಿತವಾಗಿರುವುದು ಇದು: ಸೆಂಟ್ರಲ್ ಎಸಿಯಲ್ಲಿ ನಾಲ್ಕು ಹರಿವುಗಳಿವೆ. ಗಾಳಿ, ನೀರು, ವಿದ್ಯುತ್, ಗ್ಯಾಸ್ (ಒಲೆ ಉರಿಸುವ ಗ್ಯಾಸಲ್ಲ, ಕೊಳವೆಯೊಳಗೆ ಸುತ್ತುತ್ತ ಮನೆಯ ಶಾಖವನ್ನು ಹೊರಗೆ ಸಾಗಿಸುವ ರೆಫ್ರಿಜರೆಂಟ್). ಮೊದಲಿನ ಎರಡನ್ನು ಮನೆಯವರೇ ನೋಡಿಕೊಳ್ಳಬೇಕು. ಕೊನೆಯ ಎರಡನ್ನು ಲೈಸೆನ್ಸ್ ಇರುವವರಿಗೆ ಬಿಡಬೇಕು. ಕಂಪ್ರೆಸರ್ ಸುಟ್ಟುಹೋಯಿತು, ಸಾವಿರಾರು ಡಾಲರ್ ಖರ್ಚಾಯಿತು ಎಂಬ ಕಥೆಯ ಎಳೆ ಹಿಡಿದು ಹಿಂದಕ್ಕೆ ಹೋದರೆ, ಎಷ್ಟೋ ಸಲ ಸಿಗುವುದು ತಿಂಗಳುಗಟ್ಟಲೆ ಬದಲಿಸದ ಫಿಲ್ಟರ್.

ಮೊದಲು ಯಂತ್ರದ ಗುರುತು

ಇಲ್ಲಿನ ಬಹುತೇಕ ಮನೆಗಳಲ್ಲಿ ಯಂತ್ರದ ಒಳಭಾಗ ಅಟ್ಟದಲ್ಲಿರುತ್ತದೆ. ಚಳಿಗಾಲಕ್ಕೆ ಬೆಂಕಿ ಉರಿಸುವ ಗ್ಯಾಸ್ ಫರ್ನೆಸ್, ಅದರೊಳಗೇ ಗಾಳಿ ತಳ್ಳುವ ಬ್ಲೋವರ್, ಪಕ್ಕದಲ್ಲಿ ತಣ್ಣನೆಯ ಕಾಯಿಲ್ ಇರುವ ಪೆಟ್ಟಿಗೆ. ಅಲ್ಲಿಂದ ದಪ್ಪ ಕೊಳವೆಗಳಂಥ ಡಕ್ಟ್‌ಗಳು ಹೊರಟು ಪ್ರತಿ ಕೋಣೆಯ ಸೂರಿನ ಗಾಳಿಕಿಂಡಿಗೆ ಬಂದು ಸೇರುತ್ತವೆ. ಮನೆಯ ಗಾಳಿಯನ್ನು ಮತ್ತೆ ಮೇಲಕ್ಕೆ ಎಳೆದುಕೊಳ್ಳುವುದು ನಡುಮನೆಯಲ್ಲಿರುವ ದೊಡ್ಡ ಜಾಲರಿ, ಅದಕ್ಕೆ ರಿಟರ್ನ್ ಎನ್ನುತ್ತಾರೆ. ಮನೆಯ ಹೊರಗೆ, ಗೋಡೆಯ ಬದಿಯಲ್ಲಿ, ಕಂಪ್ರೆಸರ್ ಮತ್ತು ಫ್ಯಾನ್ ಇರುವ ಕಂಡೆನ್ಸರ್ ಪೆಟ್ಟಿಗೆ. ಒಳಗಿನದಕ್ಕೂ ಹೊರಗಿನದಕ್ಕೂ ನಡುವೆ ಎರಡು ತಾಮ್ರದ ಕೊಳವೆ: ಕಪ್ಪು ಫೋಮ್ ಹೊದ್ದ ದಪ್ಪನೆಯದು ತಣ್ಣಗಿರುತ್ತದೆ, ಸಣ್ಣದು ಬೆಚ್ಚಗಿರುತ್ತದೆ.

ನಮ್ಮ ಮನೆಯದು 4 ಟನ್‌ನ ಯಂತ್ರ. ಒಂದು ಟನ್ ಎಂದರೆ ಗಂಟೆಗೆ 12,000 ಬಿಟಿಯು ಶಾಖವನ್ನು ಹೊರಹಾಕುವ ಶಕ್ತಿ, ಸುಮಾರು ಮೂರೂವರೆ ಕಿಲೋವಾಟ್. ಅದಕ್ಕೆ ಟನ್ನಿಗೆ ನಿಮಿಷಕ್ಕೆ ಹತ್ತಿರ ಹತ್ತಿರ 400 ಘನ ಅಡಿ ಗಾಳಿ ಬೇಕು. ಅಂದರೆ ನಮ್ಮ ಮನೆಯ ಜಾಲರಿಗಳ ಮೂಲಕ ನಿಮಿಷಕ್ಕೆ 1,600 ಘನ ಅಡಿ ಗಾಳಿ ಸಾಗಬೇಕು. ಈ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮುಂದೆ ಫಿಲ್ಟರ್ ಬಗ್ಗೆ ನಾನು ಏಕೆ ಇಷ್ಟು ಹಟ ಹಿಡಿಯುತ್ತೇನೆ ಎಂಬುದು ಅರ್ಥವಾಗುತ್ತದೆ.

ಮನೆಗೆ ಬಂದ ಮೊದಲ ವಾರದಲ್ಲೇ ಒಳಗಿನ ಮತ್ತು ಹೊರಗಿನ ಪೆಟ್ಟಿಗೆಯ ಹೆಸರುಪಟ್ಟಿಯ ಚಿತ್ರ ತೆಗೆದಿಟ್ಟುಕೊಳ್ಳಿ. ಮಾದರಿ, ಸರಣಿ ಸಂಖ್ಯೆ, ಬಳಸುವ ಗ್ಯಾಸಿನ ಹೆಸರು ಅದರಲ್ಲಿರುತ್ತದೆ. ಯಂತ್ರ ಹೊಸದಾಗಿದ್ದರೆ ತಯಾರಕರ ಜಾಲತಾಣದಲ್ಲಿ ನೋಂದಾಯಿಸಿ. ಹೆಚ್ಚಿನ ಕಂಪನಿಗಳು 60 ಅಥವಾ 90 ದಿನಗಳೊಳಗೆ ನೋಂದಾಯಿಸಿದರೆ ಬಿಡಿಭಾಗಗಳಿಗೆ 10 ವರ್ಷದ ವಾರಂಟಿ ಕೊಡುತ್ತವೆ, ಇಲ್ಲದಿದ್ದರೆ ಅದು 5 ವರ್ಷಕ್ಕೆ ಇಳಿಯುತ್ತದೆ. ಬ್ರೇಕರ್ ಪೆಟ್ಟಿಗೆಯಲ್ಲಿ ಎಸಿಯ ಸ್ವಿಚ್ ಯಾವುದು, ಫರ್ನೆಸ್‌ನದು ಯಾವುದು ಎಂದು ಗುರುತು ಮಾಡಿಡಿ.

ಅಟ್ಟ ಹತ್ತುವವರಿಗೆ ಒಂದು ಎಚ್ಚರಿಕೆ. ಬೇಸಿಗೆಯಲ್ಲಿ ಅಲ್ಲಿ 130 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತದೆ, ಅಂದರೆ 54 ಸೆಲ್ಸಿಯಸ್. ಬೆಳಗಿನ ಜಾವ ಮಾತ್ರ ಹತ್ತಿ, ಮನೆಯಲ್ಲಿ ಇನ್ನೊಬ್ಬರಿಗೆ ಹೇಳಿ ಹತ್ತಿ. ಹಲಗೆ ಹಾಸಿದ ದಾರಿ ಬಿಟ್ಟು ಕಾಲಿಡಬೇಡಿ. ಹತ್ತಿಯಂಥ ಇನ್ಸುಲೇಷನ್ ಕೆಳಗೆ ಇರುವುದು ಬರೀ ಜಿಪ್ಸಂ ಸೂರು, ಅದು ಮನುಷ್ಯರ ಭಾರ ತಡೆಯುವುದಿಲ್ಲ.

ಫಿಲ್ಟರ್

ಮನೆಯವರು ಮಾಡಬೇಕಾದ ಕೆಲಸಗಳಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ. ಫಿಲ್ಟರ್ ತುಂಬಿದರೆ ಬ್ಲೋವರ್‌ಗೆ ಸಾಕಷ್ಟು ಗಾಳಿ ಸಿಗುವುದಿಲ್ಲ. ಕಾಯಿಲ್ ಮೇಲೆ ಬೆಚ್ಚನೆಯ ಗಾಳಿ ಹಾಯದಿದ್ದರೆ ಅದು ಇನ್ನೂ ತಣ್ಣಗಾಗಿ, ಮೇಲೆ ಕೂತ ನೀರಿನ ಹನಿ ಹೆಪ್ಪುಗಟ್ಟುತ್ತದೆ. ಮಂಜುಗಡ್ಡೆ ಬೆಳೆದಷ್ಟೂ ಗಾಳಿಗೆ ದಾರಿ ಕಡಿಮೆಯಾಗುತ್ತದೆ. ಕೊನೆಗೆ, ಆವಿಯಾಗಿ ಮರಳಬೇಕಾದ ಗ್ಯಾಸು ದ್ರವವಾಗಿಯೇ ಕಂಪ್ರೆಸರ್‌ಗೆ ನುಗ್ಗುತ್ತದೆ. ಕಂಪ್ರೆಸರ್ ಇರುವುದು ಆವಿಯನ್ನು ಒತ್ತಲು, ದ್ರವವನ್ನಲ್ಲ. ಕೆಲವೇ ಡಾಲರಿನ ಕಾಗದದ ಚೌಕಟ್ಟೊಂದನ್ನು ಮರೆತದ್ದಕ್ಕೆ ಯಂತ್ರದ ಹೃದಯವೇ ಬೆಲೆ ತೆರುತ್ತದೆ.

ಅಳತೆ ಫಿಲ್ಟರ್‌ನ ಅಂಚಿನಲ್ಲೇ ಇರುತ್ತದೆ. ನಮ್ಮ ಮನೆಯಲ್ಲಿ ಎರಡು ರಿಟರ್ನ್ ಜಾಲರಿಗಳಿವೆ, ಎರಡಕ್ಕೂ 20×25×1 ಇಂಚಿನವು. ಟೇಪು ಹಿಡಿದು ಅಳೆದರೆ ಅರ್ಧ ಇಂಚು ಕಡಿಮೆ ಬರುತ್ತದೆ, ಗಾಬರಿಯಾಗಬೇಡಿ, ಅಂಗಡಿಯಲ್ಲಿ ಕೇಳಬೇಕಾದದ್ದು ಅಚ್ಚಾಗಿರುವ ಅಳತೆಯನ್ನೇ. ಅಂಚಿನಲ್ಲಿ ಒಂದು ಬಾಣವೂ ಇರುತ್ತದೆ. ಗಾಳಿ ಹೋಗುವ ದಿಕ್ಕನ್ನು ಅದು ತೋರಿಸಬೇಕು: ಸೂರಿನ ಜಾಲರಿಯಾದರೆ ಮೇಲಕ್ಕೆ, ಗೋಡೆಯ ಜಾಲರಿಯಾದರೆ ಒಳಕ್ಕೆ.

ಇನ್ನು ಫಿಲ್ಟರ್ ಮೇಲೆ ಅಚ್ಚಾಗಿರುವ ಮರ್ವ್ (MERV) ಅಂಕಿ. ಅದು ಹೆಚ್ಚಾದಷ್ಟೂ ಸಣ್ಣ ಕಣಗಳನ್ನು ಹಿಡಿಯುತ್ತದೆ. ಮಕ್ಕಳ ಅಲರ್ಜಿಯ ಚಿಂತೆಯಿಂದ ಎಷ್ಟೋ ತಾಯಂದಿರು ನೇರವಾಗಿ 13 ತಂದು ಒಂದು ಇಂಚಿನ ಜಾಗಕ್ಕೆ ಹಾಕುತ್ತಾರೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೆ ಒಂದು ಇಂಚಿನ ತೆಳು ಫಿಲ್ಟರ್‌ನಲ್ಲಿ ಅಷ್ಟು ಬಿಗಿಯಾದ ನೇಯ್ಗೆ ಗಾಳಿಯನ್ನು ಕಟ್ಟಿಹಾಕುತ್ತದೆ. ಅಲ್ಲಿಗೆ 8ರಿಂದ 11 ಸಾಕು. ನಿಜವಾಗಿಯೂ 13 ಬೇಕಿದ್ದರೆ, ನಾಲ್ಕು ಇಂಚು ದಪ್ಪದ ಫಿಲ್ಟರ್ ಕೂರುವ ಪೆಟ್ಟಿಗೆಯನ್ನು ಅಳವಡಿಸಿಕೊಳ್ಳಿ. ಅದರ ಮಡಿಕೆಗಳು ಆಳವಾಗಿರುವುದರಿಂದ ಗಾಳಿ ಹಾಯುವ ಮೇಲ್ಮೈ ಬಹಳ ಹೆಚ್ಚು. ಹಾಕಿಸುವ ಮೊದಲು ಮತ್ತು ನಂತರ ಡಕ್ಟಿನ ಒತ್ತಡವನ್ನು ಅಳೆದು ತೋರಿಸಿ ಎಂದು ಕೇಳಿ.

ಒಂದು ಇಂಚಿನದನ್ನು ಬೇಸಿಗೆಯಲ್ಲಿ ತಿಂಗಳಿಗೊಮ್ಮೆ, ವಸಂತ ಮತ್ತು ಶರತ್ಕಾಲದಲ್ಲಿ ಎರಡು ತಿಂಗಳಿಗೊಮ್ಮೆ ಬದಲಿಸಿ. ನಾಲ್ಕು ಇಂಚಿನದು ಆರು ತಿಂಗಳಿಂದ ವರ್ಷದವರೆಗೆ ಬರುತ್ತದೆ. ಪೊಟ್ಟಣದ ಮೇಲೆ 90 ದಿನ ಎಂದಿದ್ದರೂ ನಮ್ಮ ಮನೆಗಳಿಗೆ ಅದು ಹೊಂದುವುದಿಲ್ಲ. ದಿನಕ್ಕೆ ಎರಡು ಸಲ ಒಗ್ಗರಣೆ ಹಾಕುವ, ಶನಿವಾರ ಮೆಣಸಿನಕಾಯಿ, ಕೊತ್ತಂಬರಿ ಹುರಿದು ಸಾರಿನ ಪುಡಿ ಮಾಡುವ ಅಡುಗೆಮನೆ ನಮ್ಮದು. ಇಲ್ಲಿನ ಎಷ್ಟೋ ಮನೆಗಳಲ್ಲಿ ಒಲೆಯ ಮೇಲಿನ ಮೈಕ್ರೋವೇವ್‌ನ ಫ್ಯಾನ್ ಹೊಗೆಯನ್ನು ಹೊರಗೆ ಕಳಿಸುವುದಿಲ್ಲ, ತೆಳು ಜಾಲರಿಯೊಂದರ ಮೂಲಕ ಸೋಸಿ ಮತ್ತೆ ಕೋಣೆಗೇ ಬಿಡುತ್ತದೆ. ಆ ಎಣ್ಣೆಯ ಹಬೆ ರಿಟರ್ನ್ ಜಾಲರಿಯನ್ನು ತಲುಪಿ ಫಿಲ್ಟರ್‌ನ ಧೂಳನ್ನು ಅಂಟಾಗಿಸುತ್ತದೆ, ದಾಟಿದ್ದು ಕಾಯಿಲ್ ಮೇಲೆ ಕೂರುತ್ತದೆ. ಕಾಯಿಲ್ ಮೇಲಿನ ಜಿಡ್ಡನ್ನು ತೆಗೆಯುವುದು ದುಬಾರಿ ಕೆಲಸ. ಹುರಿಯುವ, ಕರಿಯುವ ಕೆಲಸಕ್ಕೆ ಹಿತ್ತಲಿನಲ್ಲಿ ಒಂದು ಒಲೆ ಇಟ್ಟುಕೊಂಡರೆ ಎಸಿಗೂ ಒಳ್ಳೆಯದು, ಮನೆಯವರ ಶ್ವಾಸಕೋಶಕ್ಕೂ ಒಳ್ಳೆಯದು. ಮನೆಯ ಫ್ಯಾನ್ ಹೊಗೆಯನ್ನು ಎಲ್ಲಿಗೆ ಬಿಡುತ್ತದೆ ಎಂಬುದನ್ನು ಇವತ್ತೇ ಅದರ ಮುಂದೆ ಕೈ ಹಿಡಿದು ನೋಡಿ.

ಗೃಹಪ್ರವೇಶದ ಹೋಮಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅಗ್ನಿ ಹೊತ್ತಿಸುವ ಮೊದಲು ಥರ್ಮೋಸ್ಟ್ಯಾಟ್‌ನಲ್ಲಿ ಯಂತ್ರವನ್ನೂ ಫ್ಯಾನನ್ನೂ ನಿಲ್ಲಿಸಿ, ಬಾಗಿಲು ಕಿಟಕಿ ತೆರೆಯಿರಿ. ಹೊಗೆ ಪೂರ್ತಿ ಆರಿದ ಮೇಲೆ ಶುರುಮಾಡಿ, ಮರುದಿನ ಫಿಲ್ಟರ್ ಬದಲಿಸಿ. ಹೊಸ ಮನೆಯಾದರೆ ಅದು ಹೇಗೂ ಬೇಕು, ಏಕೆಂದರೆ ಗೋಡೆ ಉಜ್ಜಿದ ಜಿಪ್ಸಂ ಧೂಳು ತಿಂಗಳುಗಟ್ಟಲೆ ಡಕ್ಟಿನಿಂದ ಬರುತ್ತಲೇ ಇರುತ್ತದೆ.

ಗಾಳಿಯ ಇನ್ನೊಂದು ತುದಿಯನ್ನೂ ಹೇಳಬೇಕು. ಊರಿನಿಂದ ಬಂದ ಹಿರಿಯರಿಗೆ ಸೂರಿನಿಂದ ತಲೆಯ ಮೇಲೆ ಸುರಿಯುವ ತಣ್ಣನೆಯ ಗಾಳಿ ಹಿಡಿಸುವುದಿಲ್ಲ. ನಮ್ಮ ಅತ್ತೆಯವರಿಗೂ ಹಿಡಿಸುತ್ತಿರಲಿಲ್ಲ. ಗಾಳಿಕಿಂಡಿಯನ್ನು ಮುಚ್ಚಿಬಿಡಿ ಎನ್ನುತ್ತಾರೆ, ಕೆಲವರು ಕಾಗದ ಅಂಟಿಸುತ್ತಾರೆ. ಬ್ಲೋವರ್ ಮಾತ್ರ ಅಷ್ಟೇ ಗಾಳಿಯನ್ನು ತಳ್ಳಲು ನೋಡುತ್ತದೆ, ಡಕ್ಟಿನಲ್ಲಿ ಒತ್ತಡ ಏರುತ್ತದೆ, ಅಟ್ಟದಲ್ಲಿರುವ ಡಕ್ಟಿನ ಜೋಡಣೆಗಳಿಂದ ತಣ್ಣನೆಯ ಗಾಳಿ ಸೋರುತ್ತದೆ. ಅದರ ಬದಲು ಗಾಳಿಯ ದಿಕ್ಕನ್ನು ಗೋಡೆಯತ್ತ ತಿರುಗಿಸುವ ಪ್ಲಾಸ್ಟಿಕ್ ತಡೆಯನ್ನು ಕಿಂಡಿಗೆ ಸಿಕ್ಕಿಸಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಬೆಲೆಯೂ ಕಡಿಮೆ. ಹಿರಿಯರ ಮಂಚವನ್ನು ಒಂದಿಷ್ಟು ಸರಿಸಿ. ರಿಟರ್ನ್ ಜಾಲರಿಗೆ ಸೋಫಾ, ದೇವರ ಮಂಟಪ, ಬಟ್ಟೆಯ ಸ್ಟ್ಯಾಂಡ್ ಅಡ್ಡ ಇಡಬೇಡಿ.

ನೀರಿನ ದಾರಿ

ಜೂನ್ ತಿಂಗಳ ತೇವದ ದಿನಗಳಲ್ಲಿ ಈ ಯಂತ್ರ ಮನೆಯ ಗಾಳಿಯಿಂದ ಬಕೆಟ್‌ಗಟ್ಟಲೆ ನೀರನ್ನು ಹಿಂಡುತ್ತದೆ. ಆ ನೀರೆಲ್ಲ ನಿಮ್ಮ ತಲೆಯ ಮೇಲೆ, ಅಟ್ಟದಲ್ಲಿ ಬೀಳುತ್ತಿದೆ ಎಂಬುದನ್ನು ಒಮ್ಮೆ ಯೋಚಿಸಿ. ಕಾಯಿಲ್ ಕೆಳಗಿನ ತಟ್ಟೆಯಿಂದ ಮುಕ್ಕಾಲು ಇಂಚಿನ ಬಿಳಿ ಪಿವಿಸಿ ಪೈಪಿನ ಮೂಲಕ ಅದು ಹೊರಹೋಗುತ್ತದೆ. ಇಲ್ಲಿ ಸಾಮಾನ್ಯವಾಗಿ ಆ ಪೈಪನ್ನು ಬಚ್ಚಲಿನ ವಾಷ್‌ಬೇಸಿನ್ ಕೆಳಗಿನ ಕೊಳವೆಗೆ ಜೋಡಿಸಿರುತ್ತಾರೆ. ಬೇಸಿನ್ ಕೆಳಗಿನ ಕಪಾಟು ತೆರೆದು ನೋಡಿ, ಗೋಡೆಯಿಂದ ಬಂದು ಸೇರುವ ಸಣ್ಣ ಕೊಳವೆ ಕಂಡರೆ ಅದೇ ಎಸಿಯ ನೀರು. ಆ ಬೇಸಿನ್‌ನಲ್ಲಿ ಕೂದಲು ಕಟ್ಟಿಕೊಂಡರೆ ಎಸಿಯ ನೀರೂ ತಡೆಯುತ್ತದೆ. ಹಾಗಾಗಿ ಆ ಬೇಸಿನ್ನನ್ನು ಶುಚಿಯಾಗಿಡುವುದು ಎಸಿ ಆರೈಕೆಯ ಭಾಗವೇ.

ಯಂತ್ರದ ಕೆಳಗೆ ಇನ್ನೊಂದು ಅಗಲವಾದ ತಗಡಿನ ತಟ್ಟೆ ಇರುತ್ತದೆ. ಮೊದಲನೆಯ ದಾರಿ ಕಟ್ಟಿದಾಗ ನೀರು ಅದಕ್ಕೆ ಬೀಳುತ್ತದೆ. ಅದರಿಂದ ಹೊರಟ ಪೈಪು ಬೇಕೆಂದೇ ಎದ್ದು ಕಾಣುವ ಜಾಗದಲ್ಲಿ, ಹೆಚ್ಚಾಗಿ ಯಾವುದಾದರೂ ಕಿಟಕಿಯ ಮೇಲೆ, ಸೂರಂಚಿನಿಂದ ಹೊರಗೆ ಇಣುಕುತ್ತಿರುತ್ತದೆ. ಅದು ಸದಾ ಒಣಗಿರಬೇಕು. ಅಲ್ಲಿಂದ ನೀರು ತೊಟ್ಟಿಕ್ಕುತ್ತಿದ್ದರೆ ಅಟ್ಟದಲ್ಲಿ ಮುಖ್ಯ ದಾರಿ ಕಟ್ಟಿದೆ ಎಂದೇ ಅರ್ಥ. ನಮ್ಮ ಬಡಾವಣೆಯ ಒಂದು ಮನೆಯವರು ಕಿಟಕಿಯ ಮುಂದೆ ನೀರು ಬೀಳುವುದನ್ನು ವಾರಗಟ್ಟಲೆ ಕಂಡಿದ್ದರು, ಎಸಿ ಎಂದ ಮೇಲೆ ನೀರು ಬರುವುದು ಸಹಜ ಎಂದುಕೊಂಡಿದ್ದರು. ಎರಡನೆಯ ಪೈಪೂ ಕಟ್ಟಿದ ದಿನ ಊಟದ ಕೋಣೆಯ ಸೂರು ನೆನೆದು ಕುಸಿಯಿತು. ಈ ಪೈಪಿನ ಬಗ್ಗೆ ಮನೆ ಮಾರುವವರು, ಕಟ್ಟಿಕೊಟ್ಟವರು ಯಾರೂ ಹೇಳುವುದಿಲ್ಲ ಎಂಬುದು ನನಗೆ ನಿಜಕ್ಕೂ ಬೇಸರ ತರುತ್ತದೆ.

ದಾರಿ ಕಟ್ಟುವುದು ಪಾಚಿಯಂಥ ಲೋಳೆಯಿಂದ. ಕತ್ತಲೆ, ತೇವ, ಧೂಳು ಮೂರೂ ಇರುವಲ್ಲಿ ಅದು ಬೆಳೆದೇ ಬೆಳೆಯುತ್ತದೆ. ತಡೆಯುವ ಉಪಾಯ ಸುಲಭ. ಕಾಯಿಲ್ ಪೆಟ್ಟಿಗೆಯ ಬಳಿ ಡ್ರೈನ್ ಪೈಪಿನಿಂದ ಮೇಲಕ್ಕೆ ಎದ್ದು ನಿಂತ ಒಂದು ತುಂಡಿಗೆ ಮುಚ್ಚಳ ಇರುತ್ತದೆ. ಯಂತ್ರ ನಿಲ್ಲಿಸಿ, ಮುಚ್ಚಳ ತೆಗೆದು, ಒಂದು ಲೋಟ ಬಿಳಿ ವಿನಿಗರ್ ಸುರಿಯಿರಿ. ಅರ್ಧ ಗಂಟೆ ಬಿಟ್ಟು ಎರಡು ಮೂರು ಲೋಟ ನೀರು ಹಾಕಿ, ಅದು ತಡೆಯಿಲ್ಲದೆ ಇಳಿಯುತ್ತಿದೆಯೇ ನೋಡಿ, ಮುಚ್ಚಳ ಮತ್ತೆ ಹಾಕಿ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ತಿಂಗಳಿಗೊಮ್ಮೆ ಇಷ್ಟು ಮಾಡಿದರೆ ಸಾಕು. ಬ್ಲೀಚ್ ಹಾಕಬೇಡಿ, ಅದರ ಆವಿ ಲೋಹವನ್ನು ತಿನ್ನುತ್ತದೆ. ವಿನಿಗರ್ ಮತ್ತು ಬ್ಲೀಚ್ ಎರಡನ್ನೂ ಎಂದಿಗೂ ಸೇರಿಸಬೇಡಿ, ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.

ಆಗಲೇ ಕಟ್ಟಿದ್ದರೆ ಸುರಿಯುವುದರಿಂದ ಫಲವಿಲ್ಲ, ಎಳೆಯಬೇಕು. ನೀರನ್ನೂ ಎಳೆಯಬಲ್ಲ ವ್ಯಾಕ್ಯೂಮ್ ಕ್ಲೀನರ್ ತನ್ನಿ. ಪೈಪು ಹೊರಗೆ ಕೊನೆಯಾಗುತ್ತಿದ್ದರೆ ಆ ತುದಿಗೆ, ಬೇಸಿನ್‌ಗೆ ಸೇರಿದ್ದರೆ ಅಲ್ಲಿನ ಜೋಡಣೆಯನ್ನು ಬಿಚ್ಚಿ ಆ ಬಾಯಿಗೆ ಹಿಡಿಯಿರಿ. ಸುತ್ತ ಒದ್ದೆ ಬಟ್ಟೆ ಬಿಗಿದು ಎರಡು ಮೂರು ನಿಮಿಷ ಓಡಿಸಿ. ಕಪ್ಪು ಲೋಳೆ ಡಬ್ಬಿಗೆ ಬಂದು ಬೀಳುತ್ತದೆ. ಆಮೇಲೆ ಮೇಲಿನಿಂದ ನೀರು ಬಿಟ್ಟು ಪರೀಕ್ಷಿಸಿ.

ಕೊನೆಯದಾಗಿ ತೇಲುವ ಸ್ವಿಚ್. ಕೆಳಗಿನ ತಟ್ಟೆಯ ಅಂಚಿಗೆ ಕೂರಿಸಿದ ಈ ಸಣ್ಣ ಸಾಧನ, ನೀರು ಏರಿದ ಕೂಡಲೇ ಯಂತ್ರವನ್ನು ನಿಲ್ಲಿಸುತ್ತದೆ. ಎಸಿ ಓಡುತ್ತಿರುವಾಗ ಬೆರಳಿನಿಂದ ಅದರ ಬೆಂಡನ್ನು ಮೇಲೆತ್ತಿ ನೋಡಿ, ಯಂತ್ರ ನಿಲ್ಲಬೇಕು. ನಿಲ್ಲದಿದ್ದರೆ, ಅಥವಾ ಅದು ಇಲ್ಲವೇ ಇಲ್ಲದಿದ್ದರೆ, ಮುಂದಿನ ಸಲ ತಂತ್ರಜ್ಞರು ಬಂದಾಗ ಮೊದಲು ಅದನ್ನು ಹಾಕಿಸಿ.

ಹೊರಗಿನ ಪೆಟ್ಟಿಗೆ

ಕಂಡೆನ್ಸರ್‌ನ ಕೆಲಸ ಮನೆಯ ಶಾಖವನ್ನು ಹೊರಗಿನ ಗಾಳಿಗೆ ಒಪ್ಪಿಸುವುದು. ಅದರ ಸುತ್ತ ಎರಡು ಅಡಿ ಜಾಗ ಖಾಲಿ ಇರಲಿ. ನಮ್ಮವರು ಬೇಲಿಯ ಪಕ್ಕ ಹೀರೆ, ಸೋರೆ, ಹಾಗಲದ ಬಳ್ಳಿ ಹಬ್ಬಿಸುತ್ತಾರೆ, ಜುಲೈ ಹೊತ್ತಿಗೆ ಬಳ್ಳಿ ಪೆಟ್ಟಿಗೆಯ ಮೇಲೂ ಹತ್ತುತ್ತದೆ. ಚಪ್ಪರವನ್ನು ಇನ್ನೊಂದು ಬದಿಗೆ ಕಟ್ಟಿ. ಹುಲ್ಲು ಕತ್ತರಿಸುವಾಗ ಚೂರುಗಳು ಪೆಟ್ಟಿಗೆಯತ್ತ ಹಾರದಂತೆ ತಿರುಗಿಸಿ. ಬಟ್ಟೆ ಒಣಗಿಸುವ ಯಂತ್ರದ ಗಾಳಿ ಪಕ್ಕದಲ್ಲೇ ಹೊರಬರುತ್ತಿದ್ದರೆ ನೂಲಿನ ಧೂಳು ಪೆಟ್ಟಿಗೆಗೆ ಕಂಬಳಿಯಂತೆ ಅಂಟುತ್ತದೆ, ಅಂಥ ಮನೆಯವರು ಹೆಚ್ಚು ಸಲ ತೊಳೆಯಬೇಕು.

ತೊಳೆಯುವುದಕ್ಕೆ ಒಳ್ಳೆಯ ಕಾಲ ಓಕ್ ಮರಗಳು ಮಾರ್ಚ್‌ನಲ್ಲಿ ಎಲೆ ಉದುರಿಸಿದ ಮೇಲೆ ಒಮ್ಮೆ, ಕಾಟನ್‌ವುಡ್ ಮರದ ಅರಳೆ ಹಾರಿ ಮುಗಿದ ಮೇಲೆ ಇನ್ನೊಮ್ಮೆ. ಮೊದಲು ಥರ್ಮೋಸ್ಟ್ಯಾಟ್ ಆರಿಸಿ. ನಂತರ ಕಂಡೆನ್ಸರ್ ಪಕ್ಕದ ಗೋಡೆಯ ಮೇಲಿರುವ, ಅದರ ವಿದ್ಯುತ್ ಕಡಿಯುವ ಸಣ್ಣ ಪೆಟ್ಟಿಗೆ ತೆರೆದು ಹಿಡಿಕೆಯನ್ನು ಎಳೆದು ತೆಗೆಯಿರಿ, ಬ್ರೇಕರ್ ಕೂಡ ಇಳಿಸಿ. ತೋಟದ ಪೈಪಿನಿಂದ ಮೆಲ್ಲಗೆ, ಮೇಲಿನಿಂದ ಕೆಳಕ್ಕೆ ನೀರು ಹಾಯಿಸಿ, ಕೆಳಗೆ ಹರಿಯುವ ನೀರು ತಿಳಿಯಾಗುವವರೆಗೆ. ಕಾರು ತೊಳೆಯುವ ಒತ್ತಡದ ಯಂತ್ರ ಬೇಡ, ಅಲ್ಯೂಮಿನಿಯಂ ರೆಕ್ಕೆಗಳು ಕಾಗದದಷ್ಟು ತೆಳುವಾಗಿವೆ, ಬಾಗಿದರೆ ಗಾಳಿಯ ದಾರಿ ಮುಚ್ಚುತ್ತದೆ. ಮೇಲಿನ ಫ್ಯಾನ್ ಎತ್ತಿ ಒಳಗಿನಿಂದ ತೊಳೆಯುವುದು ಇನ್ನೂ ಚೆನ್ನ, ಆದರೆ ಅದರಲ್ಲಿ ತಂತಿಗಳಿವೆ, ತಂತ್ರಜ್ಞರೇ ಮಾಡಲಿ.

ಆಲಿಕಲ್ಲು ಮಳೆ ಇಲ್ಲಿನ ವಸಂತದ ದೊಡ್ಡ ಶತ್ರು. ಒಂದೇ ರಾತ್ರಿಯಲ್ಲಿ ಪೆಟ್ಟಿಗೆಯ ಒಂದು ಬದಿಯ ರೆಕ್ಕೆಗಳೆಲ್ಲ ಚಪ್ಪಟೆಯಾಗಬಹುದು. ಮರುದಿನವೇ ಚಿತ್ರ ತೆಗೆದಿಡಿ, ಮನೆಯ ವಿಮೆಯವರು ಚಾವಣಿ ನೋಡಲು ಬಂದಾಗ ಇದನ್ನೂ ತೋರಿಸಿ. ಸ್ವಲ್ಪ ಬಾಗಿದ್ದರೆ ಅದಕ್ಕೆಂದೇ ಸಿಗುವ ಬಾಚಣಿಗೆಯಿಂದ ಸರಿಮಾಡಬಹುದು.

ಕೆಂಜಿಗದಂಥ ಬೆಂಕಿ ಇರುವೆಗಳ ಕಾಟ ಟೆಕ್ಸಾಸ್‌ನವರಿಗೆಲ್ಲ ಗೊತ್ತು. ಅವು ವಿದ್ಯುತ್ ಪೆಟ್ಟಿಗೆಯೊಳಗೆ ನುಗ್ಗಿ, ಕಾಂಟ್ಯಾಕ್ಟರ್ ಎಂಬ ಸ್ವಿಚ್ಚಿನ ಎರಡು ಲೋಹದ ತುದಿಗಳ ನಡುವೆ ಸಿಕ್ಕಿ ಸಾಯುತ್ತವೆ, ಯಂತ್ರ ಶುರುವಾಗುವುದಿಲ್ಲ. ಪೆಟ್ಟಿಗೆಯ ಸುತ್ತಲಿನ ಮಣ್ಣಿಗೆ ಇರುವೆಯ ಹರಳು ಔಷಧ ಉದುರಿಸಿ, ಒಳಗೆ ಏನನ್ನೂ ಸಿಂಪಡಿಸಬೇಡಿ. ಮಣ್ಣಿನ ಮಾತು ಬಂದದ್ದಕ್ಕೆ ಇದನ್ನೂ ನೋಡಿ: ಇಲ್ಲಿನ ನೆಲ ಧಾರವಾಡ, ಗದಗ ಕಡೆಯ ಎರೆಮಣ್ಣಿನ ಜಾತಿಯದೇ, ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ಪೆಟ್ಟಿಗೆ ಕೂತ ಹಲಗೆ ನಿಧಾನವಾಗಿ ವಾಲುತ್ತದೆ. ಮಟ್ಟಗೋಲು ಇಟ್ಟು ವರ್ಷಕ್ಕೊಮ್ಮೆ ಪರೀಕ್ಷಿಸಿ, ತಾಮ್ರದ ಕೊಳವೆ ಎಳೆದಂತಾಗುವಷ್ಟು ವಾಲಿದ್ದರೆ ಸರಿಪಡಿಸಲು ಕರೆಯಿಸಿ. ದಪ್ಪ ಕೊಳವೆಯ ಕಪ್ಪು ಫೋಮ್ ಬಿಸಿಲಿಗೆ ಪುಡಿಯಾಗಿದ್ದರೆ ಹೊಸದನ್ನು ನೀವೇ ತೊಡಿಸಬಹುದು.

ಥರ್ಮೋಸ್ಟ್ಯಾಟ್

ಬೇಸಿಗೆಗೆ 76ರಿಂದ 78 ಡಿಗ್ರಿ ಫ್ಯಾರನ್‌ಹೀಟ್ ಇಡಿ. 68ಕ್ಕೆ ಇಳಿಸಿದರೆ ಮನೆ ಬೇಗ ತಣ್ಣಗಾಗುವುದಿಲ್ಲ, ಯಂತ್ರ ಅದೇ ವೇಗದಲ್ಲಿ ಹೆಚ್ಚು ಹೊತ್ತು ಓಡುತ್ತದೆ ಅಷ್ಟೆ. ಫ್ಯಾನ್ ಆಟೋದಲ್ಲಿರಲಿ. ಸದಾ ಓಡುವಂತೆ ಇಟ್ಟರೆ, ಕಂಪ್ರೆಸರ್ ನಿಂತಾಗಲೂ ಗಾಳಿ ಹಾಯ್ದು ಕಾಯಿಲ್ ಮೇಲಿನ ತೇವ ಮತ್ತೆ ಮನೆಗೇ ಸೇರುತ್ತದೆ. ಆರಿಸಿದ ಮೇಲೆ ಐದು ನಿಮಿಷ ಬಿಟ್ಟೇ ಮತ್ತೆ ಹೊತ್ತಿಸಿ. 105 ಡಿಗ್ರಿಯ ಮಧ್ಯಾಹ್ನ ಯಂತ್ರ ನಿಲ್ಲದೆ ಓಡಿದರೆ ಹೆದರಬೇಡಿ, ಇಲ್ಲಿನ ಯಂತ್ರಗಳ ಅಳತೆಯನ್ನು ಸುಮಾರು 100 ಡಿಗ್ರಿಗೆ ಲೆಕ್ಕಹಾಕಿರುತ್ತಾರೆ.

ಯಂತ್ರ ಆರೋಗ್ಯವಾಗಿದೆಯೇ ಎಂದು ತಿಳಿಯಲು ನಾನು ನಂಬುವ ಪರೀಕ್ಷೆ ಒಂದೇ. ಕಾಲು ಗಂಟೆ ಓಡಿದ ಮೇಲೆ ರಿಟರ್ನ್ ಜಾಲರಿಯ ಬಳಿ ಮತ್ತು ಯಂತ್ರಕ್ಕೆ ಹತ್ತಿರದ ಗಾಳಿಕಿಂಡಿಯ ಬಳಿ ಅಡುಗೆಮನೆಯ ಥರ್ಮಾಮೀಟರ್ ಹಿಡಿಯಿರಿ. ಎರಡರ ನಡುವೆ 15ರಿಂದ 20 ಡಿಗ್ರಿ ಫ್ಯಾರನ್‌ಹೀಟ್ ಅಂತರ ಇರಬೇಕು. ಪ್ರತಿ ತಿಂಗಳು ಬರೆದಿಡಿ. ಅಂತರ ಬಹಳ ಕುಗ್ಗಿದರೆ ಗ್ಯಾಸು ಅಥವಾ ಹೊರಗಿನ ಪೆಟ್ಟಿಗೆಯ ತೊಂದರೆ, ಬಹಳ ಹಿಗ್ಗಿದರೆ ಗಾಳಿ ಕಡಿಮೆ ಹರಿಯುತ್ತಿದೆ ಎಂದು ಶಂಕಿಸಿ.

ಯಂತ್ರ ಕೈಕೊಟ್ಟಾಗ

ಥರ್ಮೋಸ್ಟ್ಯಾಟ್ ಪರದೆಯೇ ಕಪ್ಪಾಗಿದ್ದರೆ ಮೊದಲು ಅದರ ಬ್ಯಾಟರಿ, ಆಮೇಲೆ ತೇಲುವ ಸ್ವಿಚ್, ಬ್ರೇಕರ್ ನೋಡಿ. ಫರ್ನೆಸ್‌ನ ಮುಂಬಾಗಿಲು ಸರಿಯಾಗಿ ಕೂರದಿದ್ದರೂ ಯಂತ್ರ ಶುರುವಾಗುವುದಿಲ್ಲ. ಬ್ರೇಕರ್ ಬಿದ್ದಿದ್ದರೆ ಒಂದು ಸಲ ಮಾತ್ರ ಎತ್ತಿ. ಮತ್ತೆ ಬಿದ್ದರೆ ಮುಟ್ಟಬೇಡಿ, ಅದು ಏನನ್ನೋ ಕಾಪಾಡುತ್ತಿದೆ.

ಕೊಳವೆಯ ಮೇಲೆ ಮಂಜುಗಡ್ಡೆ ಕಂಡರೆ ತಣ್ಣಗಾಗಿಸುವುದನ್ನು ನಿಲ್ಲಿಸಿ, ಫ್ಯಾನ್ ಮಾತ್ರ ಓಡಿಸಿ. ಪೂರ್ತಿ ಕರಗಲು ಹಲವು ಗಂಟೆ ಬೇಕು, ಚಾಕು ಚಮಚದಿಂದ ಕೆರೆಯಬೇಡಿ. ಫಿಲ್ಟರ್ ಬದಲಿಸಿ, ಕಿಂಡಿಗಳೆಲ್ಲ ತೆರೆದಿವೆಯೇ ನೋಡಿ ಮತ್ತೆ ಹೊತ್ತಿಸಿ. ಮರಳಿ ಹೆಪ್ಪುಗಟ್ಟಿದರೆ ತಂತ್ರಜ್ಞರನ್ನು ಕರೆಯಿರಿ.

ಹೊರಗಿನ ಪೆಟ್ಟಿಗೆ ಗುಂಯ್‌ಗುಡುತ್ತಿದ್ದು ಫ್ಯಾನ್ ತಿರುಗದಿದ್ದರೆ ಮೋಟಾರು ತಿರುಗಲು ನೆರವಾಗುವ ಕೆಪಾಸಿಟರ್ ಹೋಗಿರುವ ಸಂಭವ ಹೆಚ್ಚು. ತಕ್ಷಣ ಯಂತ್ರ ಆರಿಸಿ. ಕಡ್ಡಿ ತೂರಿಸಿ ಫ್ಯಾನ್ ತಿರುಗಿಸುವ ವಿಡಿಯೊಗಳನ್ನು ನೋಡಿ ಕೈಹಾಕಬೇಡಿ. ಕೆಪಾಸಿಟರ್ ವಿದ್ಯುತ್ ಕಡಿದ ಮೇಲೂ ಶಕ್ತಿಯನ್ನು ಹಿಡಿದಿಟ್ಟುಕೊಂಡಿರುತ್ತದೆ, ಆ ಹೊಡೆತ ಅಪಾಯಕಾರಿ. ಸುಟ್ಟ ವಾಸನೆ ಬಂದರೆ ಬ್ರೇಕರ್ ಇಳಿಸಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಫರ್ನೆಸ್‌ನ ಇಂಧನ ಸೋರಿಕೆ. ಯಾವ ಸ್ವಿಚ್ಚನ್ನೂ ಮುಟ್ಟದೆ ಎಲ್ಲರೂ ಹೊರಗೆ ಹೋಗಿ, ಅಲ್ಲಿಂದ ಗ್ಯಾಸ್ ಕಂಪನಿಗೆ ಕರೆಮಾಡಿ.

ತಂತ್ರಜ್ಞರನ್ನು ಕರೆಯುವಾಗ

ಟೆಕ್ಸಾಸ್‌ನಲ್ಲಿ ಎಸಿ ಗುತ್ತಿಗೆದಾರರಿಗೆ ಲೈಸೆನ್ಸ್ ಕೊಡುವುದು ರಾಜ್ಯದ ಲೈಸೆನ್ಸಿಂಗ್ ಮತ್ತು ನಿಯಂತ್ರಣ ಇಲಾಖೆ. ಟಿಎಸಿಎಲ್‌ಎ ಅಥವಾ ಟಿಎಸಿಎಲ್‌ಬಿ ಎಂದು ಶುರುವಾಗುವ ಸಂಖ್ಯೆ ಅವರ ವಾಹನದ ಮೇಲೆ ಇರಬೇಕು, ಇಲಾಖೆಯ ಜಾಲತಾಣದಲ್ಲಿ ಅದನ್ನು ಪರಿಶೀಲಿಸಬಹುದು. ಗ್ಯಾಸ್ ಮುಟ್ಟುವವರಿಗೆ ಒಕ್ಕೂಟ ಸರ್ಕಾರದ ಕ್ಲೀನ್ ಏರ್ ಕಾಯ್ದೆಯ 608ನೇ ಕಲಮಿನ ಪ್ರಮಾಣಪತ್ರವೂ ಬೇಕು. ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಎಸಿಗೆ, ಅಕ್ಟೋಬರ್‌ನಲ್ಲಿ ಫರ್ನೆಸ್‌ಗೆ ತಪಾಸಣೆ ಮಾಡಿಸಿ. ಆಗಸ್ಟ್‌ನಲ್ಲಿ ಕರೆದರೆ ಬರುವುದೇ ತಡ, ಬಂದವರಿಗೆ ಸಾವಧಾನವಾಗಿ ನೋಡಲು ಪುರುಸೊತ್ತೂ ಇರುವುದಿಲ್ಲ.

ತಪಾಸಣೆ ಎಂದರೆ ಅಳತೆ. ಕೆಪಾಸಿಟರ್ ಎಷ್ಟಿದೆ, ಡಕ್ಟಿನ ಒತ್ತಡ ಎಷ್ಟಿದೆ, ಗಾಳಿಯ ಉಷ್ಣದ ಅಂತರ ಎಷ್ಟಿದೆ ಎಂಬ ಅಂಕಿಗಳನ್ನು ಬರೆದುಕೊಡಿ ಎಂದು ಕೇಳಿ. ಒಮ್ಮೆ ನಮ್ಮ ಮನೆಗೆ ಬಂದವರೊಬ್ಬರು ಏನನ್ನೂ ಅಳೆಯದೆ, ಕಂಪ್ರೆಸರ್ ಹೋಗುವ ಹಂತದಲ್ಲಿದೆ, ಇಡೀ ಯಂತ್ರ ಬದಲಿಸಿ ಎಂದರು. ಕೆಪಾಸಿಟರ್ ಅಳೆಯಿರಿ ಎಂದು ನಾನು ಪಟ್ಟುಹಿಡಿದೆ. ಮೇಲೆ 45 ಮೈಕ್ರೋಫ್ಯಾರಡ್ ಎಂದು ಬರೆದಿದ್ದದ್ದು 38 ತೋರಿಸಿತು. ಅದೊಂದನ್ನು ಬದಲಿಸಿದ ಮೇಲೆ ಯಂತ್ರ ಈಗಲೂ ಓಡುತ್ತಿದೆ.

ಪ್ರತಿ ವರ್ಷ ಒಂದಿಷ್ಟು ಗ್ಯಾಸ್ ತುಂಬಿಸಬೇಕು ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ಕಾರಿನ ಪೆಟ್ರೋಲಿನ ಹಾಗೆ ಅದು ಖರ್ಚಾಗುವ ವಸ್ತುವಲ್ಲ, ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ, ಸೋರಿಕೆ ಹುಡುಕದೆ ತುಂಬಿಸಲು ಒಪ್ಪಬೇಡಿ. ಹೆಸರುಪಟ್ಟಿಯಲ್ಲಿ ಆರ್-22 ಇದ್ದರೆ ನಿಮ್ಮ ಯಂತ್ರ ಹಳೆಯದು. 2020ರ ಜನವರಿ 1ರಿಂದ ಅಮೆರಿಕದಲ್ಲಿ ಅದರ ತಯಾರಿಕೆ, ಆಮದು ನಿಂತಿದೆ, ಇರುವ ದಾಸ್ತಾನೇ ಗತಿ. ಆರ್-410ಎ ಇರುವವರು ಆತುರಪಡಬೇಕಿಲ್ಲ. 2025ರಿಂದ ಹೊಸ ಯಂತ್ರಗಳು ಆರ್-454ಬಿ, ಆರ್-32ರಂಥ ಗ್ಯಾಸುಗಳಿಗೆ ಬದಲಾಗಿವೆ. ಆದರೆ ಹಳೆಯದನ್ನು ರಿಪೇರಿ ಮಾಡಲು 410ಎ ಬಳಸಬಹುದು. ಹೊಸ ಗ್ಯಾಸನ್ನು ಹಳೆಯ ಯಂತ್ರಕ್ಕೆ ಮಾತ್ರ ಹಾಕುವಂತಿಲ್ಲ, ಅವು ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗುಣದವು.

ಊರಿಗೆ ಹೊರಡುವ ಮುನ್ನ

ಶಾಲೆಗೆ ರಜೆ ಬಿಟ್ಟೊಡನೆ ನಾವೆಲ್ಲ ಊರಿಗೆ ಹೊರಡುತ್ತೇವೆ, ಮನೆ ಐದಾರು ವಾರ ಖಾಲಿ ಇರುತ್ತದೆ. ಎಸಿಯನ್ನು ಪೂರ್ತಿ ಆರಿಸಬೇಡಿ. ಮುಚ್ಚಿದ ಮನೆಯಲ್ಲಿ ತೇವ ಕೂತು ಕಪಾಟಿನ ರೇಷ್ಮೆ ಸೀರೆಗೂ ಗೋಡೆಗೂ ಬೂಷ್ಟು ಹಿಡಿಯುತ್ತದೆ. 82ರಿಂದ 85 ಡಿಗ್ರಿಗೆ ಇಡಿ. ಹೊರಡುವ ವಾರ ಫಿಲ್ಟರ್ ಬದಲಿಸಿ, ಡ್ರೈನ್‌ಗೆ ವಿನಿಗರ್ ಹಾಕಿ, ತೇಲುವ ಸ್ವಿಚ್ ಪರೀಕ್ಷಿಸಿ, ಥರ್ಮೋಸ್ಟ್ಯಾಟ್‌ಗೆ ಹೊಸ ಬ್ಯಾಟರಿ ಹಾಕಿ. ಮನೆಗೆ ಬರುವ ನೀರಿನ ಮುಖ್ಯ ವಾಲ್ವ್ ತಿರುಗಿಸಿ ನಿಲ್ಲಿಸಿ. ಬೀಗದ ಕೈ ಯಾರ ಬಳಿ ಬಿಡುತ್ತೀರೋ ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಕಿಟಕಿಯ ಮೇಲಿನ ಆ ಪೈಪನ್ನು ತೋರಿಸಿ. ವಾರಕ್ಕೊಮ್ಮೆ ಅದನ್ನು ನೋಡಲಿ, ತೊಟ್ಟಿಕ್ಕುತ್ತಿದ್ದರೆ ಥರ್ಮೋಸ್ಟ್ಯಾಟ್ ಆರಿಸಿ ನಿಮಗೆ ತಿಳಿಸಲಿ. ಬ್ರೇಕರ್‌ನ ಸಂಖ್ಯೆ, ಫಿಲ್ಟರ್‌ನ ಅಳತೆ, ನೀವು ನಂಬುವ ತಂತ್ರಜ್ಞರ ಫೋನ್ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಥರ್ಮೋಸ್ಟ್ಯಾಟ್ ಪಕ್ಕ ಅಂಟಿಸಿ ಹೊರಡಿ.